ಖಾಲಿ ಕಾಲಂ ಎಂದರೆ ಸೊನ್ನೆಯಲ್ಲ

ಪ್ರತಿಯೊಂದು ಕಸುಬಿಗೂ ಅದರದೇ ಆದ ನಗೆಯಿದೆ. ವಕೀಲರು ವಾಯಿದೆಗಳ ಬಗ್ಗೆ ನಗುತ್ತಾರೆ. ವೈದ್ಯರು ತಮ್ಮ ಕೈಬರಹದ ಬಗ್ಗೆ ತಾವೇ ನಗುತ್ತಾರೆ. ನಾವು ಮೇಷ್ಟ್ರುಗಳು ಮೌಲ್ಯಮಾಪನ ಕೇಂದ್ರದಲ್ಲಿ ಕಾಫಿ ಕುಡಿಯುವಾಗ ಉತ್ತರ ಪತ್ರಿಕೆಗಳ ಬಗ್ಗೆ ನಗುತ್ತೇವೆ. ಹೊರಗಿನವರಿಗೆ ಇವೆಲ್ಲ ಬರೀ ತಮಾಷೆ. ಒಳಗಿನವರಿಗೆ ಹಾಗಲ್ಲ. ಯಾವುದಕ್ಕೆ ಹೆಚ್ಚು ಹೆದರುತ್ತೇವೆಯೋ ಅದರ ಬಗ್ಗೆಯೇ ಹೆಚ್ಚು ನಗುವುದು ನಮ್ಮೆಲ್ಲರ ಸ್ವಭಾವ. ಹೀಗಾಗಿ ಒಂದು ಕಸುಬು ಎಂಥದೆಂದು ತಿಳಿಯಬೇಕಾದರೆ ಆ ಕಸುಬಿನವರು ಯಾವುದಕ್ಕೆ ನಗುತ್ತಾರೆಂದು ನೋಡಬೇಕು.

ಇದು ನನಗೆ ಮನವರಿಕೆಯಾದದ್ದು ನನ್ನ ತಂಗಿಯ ಮಗನಿಂದ. ಅವನು ಬೆಂಗಳೂರಿನ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. 'ಸಾಫ್ಟ್‌ವೇರ್‌ನಲ್ಲಿದ್ದಾನೆ' ಎಂದರೆ ಊರಿನವರಿಗೆ ಸಾಕು. ಆದರೆ ನನ್ನ ತಂಗಿಗೆ ಸಾಲದು. "ಅಣ್ಣ, ಇವನು ಮಾಡೋ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ? ಏನೂ ತಯಾರು ಮಾಡಲ್ಲ, ಏನೂ ಮಾರಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೆ ಮಾತ್ರ ದಡಬಡ ಎದ್ದು ಕೂತ್ಕೋತಾನೆ" ಎನ್ನುವುದು ಅವಳ ದೂರು. ವಿಜ್ಞಾನದ ಮೇಷ್ಟ್ರಾದ ಅಣ್ಣನಿಗೆ ಇದು ಗೊತ್ತಿರಲೇಬೇಕೆಂದು ಅವಳ ನಂಬಿಕೆ. ನಾನು ಬಿ.ಎಸ್ಸಿ. ಓದಿದ ಕಾಲದಲ್ಲೋ ಕಂಪ್ಯೂಟರು ಗಾಜಿನ ಕೋಣೆಯೊಳಗೆ ತಣ್ಣಗೆ ಕುಳಿತಿರುತ್ತಿತ್ತು. ನಾವು ಚಪ್ಪಲಿ ಹೊರಗೆ ಬಿಟ್ಟು, ದೇವರ ದರ್ಶನ ಮಾಡಿದಂತೆ ನೋಡಿಕೊಂಡು ಬರುತ್ತಿದ್ದೆವು. ಹೀಗಾಗಿ ಹಬ್ಬಕ್ಕೋ ಮದುವೆಗೋ ಅವನೂ ಅವನ ಸ್ನೇಹಿತರೂ ಬಂದಾಗ ಪಕ್ಕದಲ್ಲಿ ಕುಳಿತು ಅವರ ತಮಾಷೆಗಳನ್ನು ಕೇಳುವುದು, ಅರ್ಥವಾಗದಿದ್ದರೆ ಬಿಡಿಸಿ ಹೇಳಿಸಿಕೊಳ್ಳುವುದು ನನಗೆ ರೂಢಿಯಾಯಿತು.

ತಂಗಿಗೆ ನಾನು ಕೊಟ್ಟ ಉತ್ತರ ಇಷ್ಟು: "ನಿನ್ನ ಮಗ ಕಣಜ ಕಾಯುತ್ತಾನೆ." ಡೇಟಾಬೇಸ್ ಎಂದರೆ ಮಾಹಿತಿಯ ಕಣಜ. ಬ್ಯಾಂಕಿನ ಲೆಕ್ಕ, ರೈಲಿನ ಸೀಟು, ಆಸ್ಪತ್ರೆಯ ಚೀಟಿ, ನಮ್ಮ ಮಕ್ಕಳ ಅಂಕ ಎಲ್ಲವೂ ಇಂಥ ಕಣಜಗಳಲ್ಲಿ ಇರುತ್ತವೆ. ತುಂಬುವುದು ದೊಡ್ಡ ಮಾತಲ್ಲ. ಇಲಿ ಹೆಗ್ಗಣ ನುಗ್ಗದಂತೆ ನೋಡಿಕೊಂಡು, ಕೇಳಿದ ತಕ್ಷಣ ಕೇಳಿದ ಚೀಲವನ್ನೇ ತೆಗೆದುಕೊಡುವುದು ದೊಡ್ಡ ಮಾತು.

ಈ ಕಣಜದೊಳಗೆ ಮಾಹಿತಿ ಇರುವುದು ನಮ್ಮ ಹಾಜರಿ ಪುಸ್ತಕದಂತೆ, ಸಾಲು ಮತ್ತು ಕಾಲಂಗಳಲ್ಲಿ. ಅದಕ್ಕೆ ಅವರು 'ಟೇಬಲ್' ಎನ್ನುತ್ತಾರೆ. ಮಾಹಿತಿಯನ್ನು ಹೀಗೆ ಸರಳ ಕೋಷ್ಟಕಗಳಲ್ಲಿಟ್ಟು, ಗಣಿತದ ನಿಯಮಗಳಿಂದ ಹೊರತೆಗೆಯಬಹುದೆಂದು 1970ರಲ್ಲಿ ಒಂದು ಪ್ರಬಂಧದ ಮೂಲಕ ತೋರಿಸಿದವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಐಬಿಎಂ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ. ಅವನಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅವನ ಸಹೋದ್ಯೋಗಿಗಳಾದ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಕೋಷ್ಟಕಗಳನ್ನು ಪ್ರಶ್ನಿಸಲು ಒಂದು ಭಾಷೆ ರೂಪಿಸಿ 1974ರಲ್ಲಿ ಪ್ರಕಟಿಸಿದರು. ಅದಕ್ಕೆ 'ಸೀಕ್ವೆಲ್' ಎಂದು ಹೆಸರಿಟ್ಟರೆ, ಆ ಹೆಸರು ಆಗಲೇ ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು! ಹಾಗಾಗಿ ಅದು 'ಎಸ್‌ಕ್ಯೂಎಲ್' ಆಯಿತು. ಇಂದಿಗೂ ಇವರಲ್ಲಿ ಅರ್ಧ ಜನ ಹೊಸ ಹೆಸರು ಹೇಳುತ್ತಾರೆ, ಅರ್ಧ ಜನ ಹಳೆಯದನ್ನು ಬಿಟ್ಟಿಲ್ಲ. ಊಟದ ಹೊತ್ತಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಡವಂತೆ. ಅಂದಹಾಗೆ, ಒಳ್ಳೆಯ ಡೇಟಾಬೇಸ್ ಹೇಗಿರಬೇಕೆಂದು 1985ರಲ್ಲಿ ಕಾಡ್ ಹೇಳಿದ ನಿಯಮಗಳು 'ಕಾಡ್‌ನ 12 ನಿಯಮಗಳು' ಎಂದೇ ಪ್ರಸಿದ್ಧ. ಎಣಿಸಿ ನೋಡಿದರೆ 13 ಇವೆ, ಏಕೆಂದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ.

ನನಗೆ ಮೊದಲು ಅರ್ಥವಾದ ಜೋಕು ಇದು. ಎಸ್‌ಕ್ಯೂಎಲ್‌ನ ಒಂದು ಪ್ರಶ್ನೆ ಹೋಟೆಲಿಗೆ ಹೋಯಿತಂತೆ. ಎರಡು ಟೇಬಲ್‌ಗಳ ನಡುವೆ ನಿಂತು "ನಿಮ್ಮನ್ನು ಜಾಯಿನ್ ಮಾಡಬಹುದೇ?" ಎಂದು ಕೇಳಿತಂತೆ. ವಿದ್ಯಾರ್ಥಿಗಳ ಟೇಬಲ್ ಒಂದು ಕಡೆ, ಅಂಕಗಳ ಟೇಬಲ್ ಇನ್ನೊಂದು ಕಡೆ. ಎರಡನ್ನೂ ರಿಜಿಸ್ಟರ್ ಸಂಖ್ಯೆಯ ಮೂಲಕ ಜೋಡಿಸುವುದೇ 'ಜಾಯಿನ್'. ಪಿಯುಸಿ ಮೊದಲ ವರ್ಷದ ಗಣಿತ ಪುಸ್ತಕದ ಮೊದಲ ಅಧ್ಯಾಯ ಗಣಗಳ ಬಗ್ಗೆ ಇದೆ. "ಇದರಿಂದ ಏನು ಪ್ರಯೋಜನ ಸಾರ್?" ಎಂದು ಕೇಳುವ ಮಕ್ಕಳಿಗೆ ನಾನೀಗ ಈ ಜೋಕನ್ನೇ ಹೇಳುತ್ತೇನೆ. ಗಣಗಳ ಛೇದ, ಸಂಯೋಗ ಗೊತ್ತಿದ್ದವರಿಗೆ ಈ ಕೆಲಸದ ಅಡಿಪಾಯ ಗೊತ್ತು ಎಂದೇ ಅರ್ಥ.

ಇನ್ನೊಂದು ತಮಾಷೆ 'ನಲ್' ಎಂಬ ಪದದ್ದು. ಕಾಲಂನಲ್ಲಿ ಏನೂ ಇಲ್ಲದಿದ್ದರೆ, ಅಂದರೆ ಬೆಲೆ ಗೊತ್ತಿಲ್ಲದಿದ್ದರೆ, ಅದು ನಲ್. ಅದು ಸೊನ್ನೆಯಲ್ಲ. ಮೇಷ್ಟ್ರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪರೀಕ್ಷೆಗೆ ಬಂದು ಸೊನ್ನೆ ತೆಗೆದವನೂ, ಜ್ವರ ಬಂದು ಗೈರುಹಾಜರಾದವನೂ ಒಂದೇ ಅಲ್ಲ. ಮೂವರಲ್ಲಿ ಒಬ್ಬನಿಗೆ 60, ಇನ್ನೊಬ್ಬನಿಗೆ 40, ಮೂರನೆಯವನು ಗೈರು ಎನ್ನಿ. ಬರೆದವರ ಸರಾಸರಿ 50. ಗೈರಿನವನ ಮುಂದೆ ಯಾರೋ ಸೊನ್ನೆ ತುಂಬಿಬಿಟ್ಟರೆ ಸರಾಸರಿ 33ಕ್ಕೆ ಇಳಿಯುತ್ತದೆ. ತರಗತಿಯೇ ದಡ್ಡ ಎಂಬ ವರದಿ ಮೇಲಕ್ಕೆ ಹೋಗುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ. ಗೈರುಹಾಜರಾದ ಇಬ್ಬರ ಅಂಕ ಸಮವೇ ಎಂದು ಕೇಳಿದರೆ ಡೇಟಾಬೇಸ್ 'ಹೌದು' ಎನ್ನುವುದಿಲ್ಲ, 'ಇಲ್ಲ' ಎಂದೂ ಹೇಳುವುದಿಲ್ಲ, 'ಗೊತ್ತಿಲ್ಲ' ಎನ್ನುತ್ತದೆ. ಮನುಷ್ಯರು ಹೇಳಲು ಹಿಂಜರಿಯುವ ಮಾತನ್ನು ಯಂತ್ರ ಸಲೀಸಾಗಿ ಹೇಳುತ್ತದೆ.

ನಲ್‌ನೊಂದಿಗೆ ಹುಡುಗಾಟವಾಡಿದವನ ಕತೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಭದ್ರತೆಯ ತಜ್ಞನೊಬ್ಬ ತನ್ನ ಕಾರಿನ ನಂಬರ್ ಪ್ಲೇಟ್ ಮೇಲೆ 'ನಲ್' ಎಂದೇ ಬರೆಸಿಕೊಂಡ. ದಂಡದ ಯಂತ್ರಕ್ಕೆ ತಾನು ಕಾಣಿಸಲಿಕ್ಕಿಲ್ಲ ಎಂಬ ತಮಾಷೆ ಅವನದು. ಆದದ್ದು ತಿರುಗುಮುರುಗು. ನಂಬರ್ ಬರೆಯದೆ ಖಾಲಿ ಬಿಟ್ಟಿದ್ದ ಬೇರೆ ಬೇರೆ ವಾಹನಗಳ ದಂಡದ ಚೀಟಿಗಳೆಲ್ಲ ಇವನ ಮನೆ ಬಾಗಿಲಿಗೆ ಬಂದವು. ಮೊತ್ತ 12,000 ಡಾಲರ್ ದಾಟಿತ್ತು. 2019ರಲ್ಲಿ ತನ್ನ ಪಾಡನ್ನು ಅವನೇ ಒಂದು ಸಮ್ಮೇಳನದಲ್ಲಿ ಹೇಳಿ ಸಭೆಯನ್ನು ನಗಿಸಿದ.

ಖಾಲಿ ಬಿಡಲು ಮನಸ್ಸಾಗದವರು ಏನಾದರೊಂದನ್ನು ತುಂಬುತ್ತಾರೆ. ಹಲವು ಕಂಪ್ಯೂಟರುಗಳಲ್ಲಿ ಕಾಲದ ಲೆಕ್ಕ 1970ರ ಜನವರಿ 1ರಿಂದ ಶುರು. ತಾರೀಖಿನ ಕಾಲಂಗೆ ಸೊನ್ನೆ ಬಿದ್ದರೆ ಅದು ಆ ದಿನವಾಗಿ ಕಾಣಿಸುತ್ತದೆ. "ಈ ಪಟ್ಟಿ ನೋಡಿದ್ರೆ ಅರ್ಧ ದೇಶ ಒಂದೇ ದಿನ ಹುಟ್ಟಿದೆ ಮಾವ" ಎಂದು ಅಳಿಯ ನಗುತ್ತಿದ್ದ. ಇದರಲ್ಲಿ ಹೊಸದೇನಿದೆ ಎಂದೆ. ನಮ್ಮ ಕಾಲದವರನ್ನು ಕೇಳಿ ನೋಡಿ, ಎಷ್ಟು ಜನರ ಜನ್ಮದಿನ ಜೂನ್ 1! ಹುಟ್ಟಿದ ತಾರೀಖು ತಂದೆ ತಾಯಿಗೆ ನೆನಪಿಲ್ಲದಿದ್ದರೆ, ಶಾಲೆಗೆ ಸೇರುವ ವಯಸ್ಸಿಗೆ ಲೆಕ್ಕ ಕೂಡುವಂತೆ ಹೆಡ್‌ಮಾಸ್ಟರು ಜೂನ್ ತಿಂಗಳ ಒಂದು ದಿನವನ್ನು ಬರೆದುಕೊಳ್ಳುತ್ತಿದ್ದರು. ನನ್ನದೂ ಹಾಗೆಯೇ ಬರೆದದ್ದು. ಗೌರಿ ಹಬ್ಬದ ಮರುವಾರ ಹುಟ್ಟಿದವನೆಂದು ನನ್ನ ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಸರ್ಕಾರದ ದಾಖಲೆಯಲ್ಲಿ ಮಾತ್ರ ನಾನು ಮುಂಗಾರಿನವನು. ಆ ಒಂದು ದಿನಾಂಕದ ಮೇಲೆಯೇ ನನ್ನ ಕೆಲಸ, ನಿವೃತ್ತಿ, ಪಿಂಚಣಿ ಎಲ್ಲವೂ ನಿಂತಿವೆ. ಅಳಿಯ ಇದನ್ನು ಕೇಳಿ, "ಹಾಗಾದ್ರೆ ಡೀಫಾಲ್ಟ್ ವ್ಯಾಲ್ಯೂ ಕಂಡುಹಿಡಿದವರು ನಿಮ್ಮ ಹೆಡ್‌ಮಾಸ್ಟರೇ ಬಿಡಿ" ಎಂದ.

ಇವರನ್ನು ನಿಜಕ್ಕೂ ಬೆವರಿಸುವುದು ಅಳಿಸುವ ಆದೇಶ. 'ಹತ್ತನೇ ಬಿ ವಿಭಾಗದಲ್ಲಿ ಟಿ.ಸಿ. ತೆಗೆದುಕೊಂಡು ಹೋದ ಹುಡುಗನ ಹೆಸರು ಅಳಿಸು' ಎನ್ನಬೇಕಾದಲ್ಲಿ, ಯಾವ ಹುಡುಗ ಎನ್ನುವ ಭಾಗ ಬಿಟ್ಟುಹೋಗಿ ಬರೀ 'ಅಳಿಸು' ಎಂದಾದರೆ ಇಡೀ ಶಾಲೆ ಅಳಿಸಿಹೋಗುತ್ತದೆ. ಯಂತ್ರ 'ಯಾಕಪ್ಪಾ?' ಎಂದು ಕೇಳುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಇಂಜಿನಿಯರ್ ಒಬ್ಬ, ಹೊತ್ತು ಮೀರಿ ಕೆಲಸ ಮಾಡುತ್ತಾ, ಮೀಸಲು ಯಂತ್ರವೆಂದುಕೊಂಡು ಮುಖ್ಯ ಯಂತ್ರದ ಮೇಲೆಯೇ ಅಳಿಸುವ ಆದೇಶ ಕೊಟ್ಟ. ಒಂದೆರಡು ಸೆಕೆಂಡಿನಲ್ಲಿ ತಡೆದನಾದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಬ್ಯಾಕಪ್‌ಗೆಂದು ಐದು ಬಗೆಯ ವ್ಯವಸ್ಥೆಗಳಿದ್ದವು; ಒಂದೂ ನೆಚ್ಚುವಂತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಸಿಕ್ಕಿ ಮಾನ ಉಳಿಯಿತು. ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು.

ಅಂದಿನಿಂದಲ್ಲ, ಅದಕ್ಕೂ ಮುಂಚಿನಿಂದಲೂ ಇವರಲ್ಲಿ ಒಂದು ಜೋಕಿದೆ: ಬ್ಯಾಕಪ್ ಎಂಬುದು ಶ್ರೋಡಿಂಗರ್‌ನ ಬೆಕ್ಕಿನಂತೆ. 1935ರಲ್ಲಿ ಆ ಭೌತವಿಜ್ಞಾನಿ ಕಲ್ಪಿಸಿದ ಪೆಟ್ಟಿಗೆಯೊಳಗಿನ ಬೆಕ್ಕು, ಪೆಟ್ಟಿಗೆ ತೆರೆಯುವವರೆಗೆ ಬದುಕಿದೆಯೋ ಸತ್ತಿದೆಯೋ ಹೇಳಲಾಗದು. ಬ್ಯಾಕಪ್ ಕೂಡ ಮರಳಿ ತೆಗೆದು ನೋಡುವವರೆಗೆ ಇದೆಯೋ ಇಲ್ಲವೋ ಹೇಳಲಾಗದು. ನಾನು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವುದೂ ಇದನ್ನೇ. ಪುಸ್ತಕದಲ್ಲಿ ಬರೆದದ್ದು ಸಿದ್ಧಾಂತ, ಮಾಡಿ ನೋಡಿದ್ದು ಪ್ರಯೋಗ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಈ ಕಸುಬು ಒಗ್ಗುವುದಿಲ್ಲ. ಶುಕ್ರವಾರ ಸಂಜೆ ಯಾವ ಬದಲಾವಣೆಯನ್ನೂ ಮಾಡಬಾರದೆಂದು ಇವರು ಪಾಲಿಸುವ ವ್ರತವೂ ಇದೇ ಭಯದಿಂದ ಹುಟ್ಟಿದ್ದು. ಕೆಟ್ಟರೆ ಶನಿವಾರ, ಭಾನುವಾರ ಎರಡೂ ಹೋಗುತ್ತವಲ್ಲ!

ಇನ್ನು ದಿನನಿತ್ಯದ ಗೋಳು. ಏನೇ ನಿಧಾನವಾದರೂ ಮೊದಲ ಬೆರಳು ತೋರುವುದು ಇವರ ಕಡೆಗೆ. ನೆಟ್‌ವರ್ಕ್ ಕೆಟ್ಟಿರಲಿ, ಪ್ರೋಗ್ರಾಂ ಕೆಟ್ಟಿರಲಿ, "ಡೇಟಾಬೇಸ್ ಸ್ಲೋ" ಎಂಬ ದೂರು ಬರುತ್ತದೆ. 'ಡಿಬಿಎ' ಎಂಬ ತಮ್ಮ ಹುದ್ದೆಯ ಮೂರಕ್ಷರಗಳನ್ನು ಇವರು 'ಡೀಫಾಲ್ಟ್ ಬ್ಲೇಮ್ ಅಕ್ಸೆಪ್ಟರ್' ಎಂದು ಬಿಡಿಸುತ್ತಾರೆ; ಯಾರ ಹೆಸರೂ ಸಿಗದಿದ್ದಾಗ ಬೈಸಿಕೊಳ್ಳುವವನು ಎಂದರ್ಥ. ನಿಧಾನಕ್ಕೆ ಕಾರಣ ಎಷ್ಟೋ ಸಲ ಇಂಡೆಕ್ಸ್ ಇಲ್ಲದಿರುವುದು. ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಬೇಕು ಎನ್ನಿ. ಮೊದಲಿನಿಂದ ಓದುತ್ತಾ ಹೋದರೆ ಹತ್ತು ಲಕ್ಷವನ್ನೂ ನೋಡಬೇಕಾಗಬಹುದು. ಅಕಾರಾದಿಯಾಗಿ ಜೋಡಿಸಿ, ಪ್ರತಿಸಲ ಅರ್ಧಕ್ಕೆ ತೆರೆದು ಹಿಂದೆಯೋ ಮುಂದೆಯೋ ಎಂದು ನೋಡಿದರೆ 20 ಹೆಜ್ಜೆ ಸಾಕು. ಬೇಕಾದರೆ ಹತ್ತು ಲಕ್ಷವನ್ನು ಎರಡರಿಂದ ಭಾಗಿಸುತ್ತಾ ಹೋಗಿ, ಮನೆಯಲ್ಲೇ ಲೆಕ್ಕ ಹಾಕಿ ನೋಡಿ. ನಿಘಂಟು ನೋಡಲು ಕಲಿತ ಮಗುವಿಗೆ ಇದು ಗೊತ್ತು.

ಇವರ ಇನ್ನೊಂದು ಗೋಳು ಎಕ್ಸೆಲ್ ಹಾಳೆ. ಡೇಟಾಬೇಸ್‌ನಲ್ಲಿರಬೇಕಾದ್ದನ್ನೆಲ್ಲ ಜನ ಅದರಲ್ಲಿ ತುಂಬಿ ಕಳಿಸುತ್ತಾರೆ. ಇದು ಬರೀ ಗೊಣಗಾಟವಲ್ಲ. 2020ರ ಸೆಪ್ಟೆಂಬರ್ ಕೊನೆಯ ವಾರ ಇಂಗ್ಲೆಂಡಿನಲ್ಲಿ ಕೋವಿಡ್ ತಗುಲಿದವರ ಪಟ್ಟಿಯಿಂದ 15,841 ಪ್ರಕರಣಗಳು ಬಿಟ್ಟುಹೋದವು. ಕಾರಣ, ಹಳೆಯ ಮಾದರಿಯ ಎಕ್ಸೆಲ್ ಹಾಳೆಯಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಯುವುದಿಲ್ಲ. ಎರಡರ ಹದಿನಾರನೆಯ ಘಾತ ಅದು. ಪಾತ್ರೆ ತುಂಬಿದ ಮೇಲೆ ಹಾಲು ಚೆಲ್ಲಿದಂತೆ ಉಳಿದ ಸಾಲುಗಳು ಚೆಲ್ಲಿಹೋದವು. ಆ ಸೋಂಕಿತರ ಜೊತೆ ಓಡಾಡಿದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು.

ಇಲ್ಲಿಗೆ ಬಂದಾಗ ನನಗೆ ನಮ್ಮ ಶಾಲೆಯ ಒಬ್ಬ ಹುಡುಗಿಯ ನೆನಪಾಗುತ್ತದೆ. ನಮ್ಮ ಕಡೆಯ ಹೆಸರುಗಳು ನಿಮಗೆ ಗೊತ್ತು. ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು. ಎಷ್ಟೋ ಮನೆಗಳಲ್ಲಿ ಉಪನಾಮ ಎಂಬುದೇ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ 'ಉಪನಾಮ' ಎಂಬ ಕಾಲಂ ಖಾಲಿ ಬಿಟ್ಟರೆ ಪುಟ ಮುಂದೆ ಹೋಗಲಿಲ್ಲ. ಅರ್ಜಿ ತುಂಬಿಕೊಡುತ್ತಿದ್ದ ಹುಡುಗ ಅಲ್ಲಿ ಅವಳ ತಂದೆಯ ಹೆಸರನ್ನು ಹಾಕಿದ. ಬ್ಯಾಂಕಿನಲ್ಲಿ ಅಕ್ಷರ ಮುಂದಿತ್ತು, ಇಲ್ಲಿ ಹೆಸರು ಹಿಂದೆ ಬಂತು. ಯಂತ್ರದ ಪ್ರಕಾರ ಇಬ್ಬರೂ ಬೇರೆ ಬೇರೆ ಹುಡುಗಿಯರು. ಹಣ ತಡೆಯಿತು. ಕೂಲಿ ಮಾಡುವ ತಂದೆ ನಾಲ್ಕು ದಿನದ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆದರು. ಹಣ ಬಂದಾಗ ಪರೀಕ್ಷೆಯೇ ಮುಗಿದಿತ್ತು. ಅದರ ನಡುವೆ ಒಂದು ದಿನ ಆ ಹುಡುಗಿ ಸ್ಟಾಫ್ ರೂಮಿಗೆ ಬಂದು ಕೇಳಿದಳು: "ಸಾರ್, ನನ್ನ ಹೆಸರಿನಲ್ಲಿ ಏನು ತಪ್ಪಿದೆ?"

ಆ ವರ್ಷ ಸಂಕ್ರಾಂತಿಗೆ ಬಂದ ಅಳಿಯನಿಗೆ ಇದನ್ನು ಹೇಳಿದೆ. ಎಲ್ಲದಕ್ಕೂ ಒಂದು ಜೋಕು ಇಟ್ಟುಕೊಂಡವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವ, ಹೆಸರಿನಲ್ಲಿ ಏನೂ ತಪ್ಪಿಲ್ಲ ಅಂತ ಆ ಹುಡುಗಿಗೆ ಹೇಳಿ. ಖಾಲಿ ಇರಬೇಕಾದ್ದನ್ನ ಖಾಲಿ ಇರೋಕೆ ಬಿಡದೆ ಆ ಕಾಲಂ ಮಾಡಿದವರದ್ದು ತಪ್ಪು. ಒಂದು ಸಾಲು ಅಂದ್ರೆ ಒಬ್ಬ ಮನುಷ್ಯ ಅನ್ನೋದು ನಮ್ಮಂಥವರಿಗೆ ಮರೆತುಹೋದಾಗ ಹೀಗಾಗುತ್ತೆ" ಎಂದ. ಮರುದಿನ ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು ಅವನ ಮಾತನ್ನು ಹಾಗೆಯೇ ಹೇಳಿದೆ. ಅವಳ ಮುಖ ಅರಳಿತು. ಹಣಕ್ಕಿಂತ ಮೊದಲು ಅವಳಿಗೆ ಬೇಕಾಗಿದ್ದುದು ಆ ಒಂದು ಮಾತು ಎಂದು ನನಗೆ ಅನ್ನಿಸಿತು.

ಪೋಷಕರಿಗೆ ನನ್ನ ವಿನಂತಿ ಇಷ್ಟೆ. ಮಗ ಅಥವಾ ಮಗಳು ಕಂಪ್ಯೂಟರ್ ಓದಲಿ ಎಂದು ಬಯಸುವುದು ಸರಿ. ಆದರೆ ಸಂಬಳ ಎಷ್ಟು ಎಂದು ಕೇಳುವ ಮೊದಲು ಮಗುವಿಗೆ ಎರಡು ಸಲ ನೋಡುವ ಅಭ್ಯಾಸವಿದೆಯೇ ಎಂದು ನೋಡಿ. ಲೆಕ್ಕ ಮಾಡಿ ತಾಳೆ ನೋಡುವ ಹುಡುಗ, ಪ್ರಯೋಗದ ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೂ ಬಂದದ್ದನ್ನೇ ಬರೆಯುವ ಹುಡುಗಿ, ಇಂಥವರು ಈ ಕಣಜಕ್ಕೆ ಬೇಕು. ಅಲ್ಲಿ ಏನೂ ಕೆಡದ ದಿನ ಯಾರೂ ಬೆನ್ನು ತಟ್ಟುವುದಿಲ್ಲ ಎಂಬುದೂ ಅವರಿಗೆ ಗೊತ್ತಿರಲಿ. ಮಕ್ಕಳ ಅರ್ಜಿ ತುಂಬಿಸುವಾಗ, ಕೊನೆಯ ಗುಂಡಿ ಒತ್ತುವ ಮೊದಲು, ಒಂದೊಂದು ಕಾಲಂ ಓದಿಸಿ ಕೇಳಿ. ಜನನ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಹೆಸರು ಬರಲಿ. ಊಹೆಯಿಂದ ತುಂಬಲು ಬಿಡಬೇಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆಯ ಹಿಂದಿನ ದಿನ ನಾವು ಮೇಷ್ಟ್ರುಗಳೆಲ್ಲ ನಿಮಗೆ ಹೇಳುವುದುಂಟು, 'ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ, ತಿಳಿದಷ್ಟು ಬರೆದು ಬನ್ನಿ' ಎಂದು. ಆ ಮಾತು ಪರೀಕ್ಷೆಯ ಮೂರು ಗಂಟೆಗೆ ಸರಿ. ನಾಳೆ ನೀವು ಯಾವುದೋ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಕುಳಿತು ಇನ್ನೊಬ್ಬರ ಹೆಸರು, ವಯಸ್ಸು, ಲೆಕ್ಕ ಬರೆಯುವ ದಿನ ಬಂದಾಗ ಅದನ್ನು ಅಲ್ಲಿಗೆ ಒಯ್ಯಬೇಡಿ. ಗೊತ್ತಿಲ್ಲದ್ದನ್ನು ಕೇಳಿ ತಿಳಿದು ಬರೆಯಿರಿ. ಕೇಳುವವರು ಸಿಗದಿದ್ದರೆ ಆ ಕಾಲಂ ಖಾಲಿಯೇ ಇರಲಿ.